ಆಲ್ಫಾ 0.58 ಬಂದಿದೆ, ಐಟಂ ತೆಗೆದು 0.74 ಮಾಡಿದರೆ ನಡೆಯುತ್ತಾ?

ಓದ್ತಾ_ಇದೀನಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಎ. ಸೈಕಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಸಪ್ತಾಪುರ, ಜಯನಗರ ಕಡೆ ರೂಮು ಮಾಡಿಕೊಂಡು ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ತಯಾರಿ ನಡೆಸುತ್ತಾರಲ್ಲ, ಅವರ ಆತ್ಮಗೌರವ ಮತ್ತು ಖಿನ್ನತೆ ನನ್ನ ಪ್ರಾಜೆಕ್ಟ್ ವಿಷಯ. ಜಾಸ್ತಿ ಸಲ ಪರೀಕ್ಷೆ ಬರೆದವರಲ್ಲಿ ಖಿನ್ನತೆ ಜಾಸ್ತಿ ಇರುತ್ತಾ ಅನ್ನುವುದು ಮುಖ್ಯ ಪ್ರಶ್ನೆ. 110 ಜನರಿಂದ ಫಾರ್ಮ್ ತುಂಬಿಸಿದ್ದೇನೆ.

ಆತ್ಮಗೌರವಕ್ಕೆ ರೋಸೆನ್‌ಬರ್ಗ್ ಸ್ಕೇಲ್ ತೆಗೆದುಕೊಂಡೆ, 10 ಹೇಳಿಕೆ (ಐಟಂ), ಕನ್ನಡಕ್ಕೆ ನಾನೇ ಮಾಡಿಕೊಂಡೆ. ಖಿನ್ನತೆಗೆ ಪಿಎಚ್‌ಕ್ಯೂ-9, ಅದರದ್ದು ಕನ್ನಡ ಫಾರ್ಮೇ ಸಿಕ್ಕಿತು. ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ಗೆ ಹಾಕಿದರೆ ಪಿಎಚ್‌ಕ್ಯೂ ಆಲ್ಫಾ (ಐಟಂಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) 0.81, ಆರಾಮ. ರೋಸೆನ್‌ಬರ್ಗ್ ಮಾತ್ರ 0.58. ಗೈಡ್ ಹೇಳಿದ್ದು: 0.7 ದಾಟದಿದ್ದರೆ ಯಾರೂ ಒಪ್ಪುವುದಿಲ್ಲ, "ಐಟಂ ತೆಗೆದರೆ ಆಲ್ಫಾ ಎಷ್ಟು" ಅನ್ನೋ ಕಾಲಂ ನೋಡಿಕೊಂಡು ಒಂದೊಂದೇ ತೆಗೆಯುತ್ತಾ ಹೋಗು. ನಾಲ್ಕು ತೆಗೆದ ಮೇಲೆ 0.74 ಬಂತು. ಇದು ಸರೀನಾ?

ಇನ್ನೊಂದು. ಒಂದೆರಡು ಸಲ ಬರೆದವರು 48 ಜನ, ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಬರೆದವರು 62 ಜನ ಅಂತ ಎರಡು ಗುಂಪು ಮಾಡಿ ಪಿಎಚ್‌ಕ್ಯೂ ಅಂಕಕ್ಕೆ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಪರೀಕ್ಷೆ) ಮಾಡಿದೆ. ಟಿ 1.9, ಪಿ ವ್ಯಾಲ್ಯೂ 0.06, ಅಂದರೆ ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಅದೃಷ್ಟದಿಂದ ಕಾಣುವ ಸಾಧ್ಯತೆ ನೂರಕ್ಕೆ ಆರು; 0.05ಕ್ಕಿಂತ ಕೆಳಗೆ ಬಂದರೆ ಮಾತ್ರ ಒಪ್ಪುತ್ತಾರೆ. ಡೇಟಾ ಅನಾಲಿಸಿಸ್ ಮಾಡಿಕೊಡುವ ಅಂಗಡಿಯವರು "ಇನ್ನೊಂದು ಇಪ್ಪತ್ತು ಫಾರ್ಮ್ ತುಂಬಿಸಿ ತಗೊಂಬರ್ರಿ, 0.05 ಒಳಗೆ ಬಂದೇ ಬರುತ್ತೆ" ಅಂತಾರೆ. ಹಾಗೆ ಮಾಡಬಹುದಾ?

ಪಿಎಚ್‌ಕ್ಯೂನಲ್ಲಿ 10 ಮತ್ತು ಅದಕ್ಕಿಂತ ಜಾಸ್ತಿ ಬಂದವರಿಗೆ ಖಿನ್ನತೆ ಇದೆ ಅಂತ ಒಂದು ಟೇಬಲ್ ಕೂಡ ಹಾಕಿದ್ದೇನೆ. ಅದರಲ್ಲಿ ತಕರಾರು ಇರಲಾರದು ಅಂದುಕೊಂಡಿದ್ದೇನೆ.

ಮಾಳಮಡ್ಡಿ_ಮಾಸ್ತರ

ತಂಗಿ, ಮೊದಲು ಒಂದು ಕೆಲಸ ಮಾಡು. ಐಟಂ ತೆಗೆಯುವುದನ್ನು ನಿಲ್ಲಿಸಿ, ಹತ್ತೂ ಐಟಂ ವಾಪಸ್ ಹಾಕು. ಪ್ರತಿ ಐಟಂಗೂ ಉಳಿದ ಒಟ್ಟು ಅಂಕಕ್ಕೂ ಎಷ್ಟು ಹೊಂದಾಣಿಕೆ ಇದೆ ಅನ್ನುವ ಕಾಲಂ ಅದೇ ಟೇಬಲ್‌ನಲ್ಲಿ ಇರುತ್ತೆ. ಅಲ್ಲಿ ಯಾವುದಕ್ಕಾದರೂ ಮೈನಸ್ ಚಿಹ್ನೆ ಇದೆಯಾ ನೋಡು.

ರೋಸೆನ್‌ಬರ್ಗ್‌ನ ಹತ್ತರಲ್ಲಿ ಐದು ಉಲ್ಟಾ ಹೇಳಿಕೆ. "ನನ್ನ ಬಗ್ಗೆ ನನಗೆ ತೃಪ್ತಿ ಇದೆ" ಅನ್ನುವ ಥರದವು ಐದು, "ನಾನು ಯಾವುದಕ್ಕೂ ಬರುವುದಿಲ್ಲ" ಅನ್ನುವ ಥರದವು ಐದು. ಉಲ್ಟಾ ಹೇಳಿಕೆಗಳ ಅಂಕ ತಿರುಗಿಸಬೇಕು, 1 ರಿಂದ 4 ಹಾಕಿದ್ದರೆ 5 ರಲ್ಲಿ ಕಳೆಯಬೇಕು. ಐದನ್ನೂ ತಿರುಗಿಸುವುದು ಬಿಟ್ಟಿದ್ದರೆ ಆಲ್ಫಾ ಇದಕ್ಕಿಂತ ಎಷ್ಟೋ ಕೆಳಗೆ, ಮೈನಸ್‌ಗೂ ಹೋಗಿರುತ್ತಿತ್ತು. 0.58 ಬಂದಿದೆ ಅಂದರೆ ಒಂದೋ ಎರಡೋ ಐಟಂ ಗೋಳು ಕೊಡುತ್ತಿವೆ ಅಂತ ನನ್ನ ಅಂದಾಜು. ಅದು ಕೋಡಿಂಗ್ ತಪ್ಪೋ, ಓದಿದವರು ಬೇರೆ ಥರ ತಿಳಿದುಕೊಂಡರೋ, ಎರಡೂ ಬೇರೆ ಬೇರೆ ರೋಗ.

ತನ್ನ ಮೇಲೆ ತನಗೆ ಇನ್ನಷ್ಟು ಗೌರವ ಇದ್ದಿದ್ದರೆ ಚೆನ್ನಾಗಿತ್ತು ಅನ್ನುವ ಅರ್ಥದ ಒಂದು ಹೇಳಿಕೆ ಇದೆಯಲ್ಲ, ಅದು ಬೇರೆ ದೇಶಗಳಲ್ಲೂ ತಂಟೆ ಮಾಡಿದೆ. 2005ರಲ್ಲಿ ಶ್ಮಿಟ್ ಮತ್ತು ಆಲಿಕ್ 53 ದೇಶಗಳ ಡೇಟಾ ಸೇರಿಸಿ ನೋಡಿದಾಗ ಕೆಲವು ಕಡೆ ಅದು ಉಳಿದವುಗಳ ಜೊತೆ ಹೊಂದಲೇ ಇಲ್ಲ. ಇನ್ನಷ್ಟು ಗೌರವ ಬೇಕು ಅನ್ನುವವನಿಗೆ ಈಗ ಗೌರವ ಕಡಿಮೆ ಅಂತ ಆ ಐಟಂ ಊಹೆ ಮಾಡುತ್ತೆ. ನಮ್ಮ ಹುಡುಗರು ಅದನ್ನು ಮುಂದೆ ಬರಬೇಕು ಅನ್ನೋ ಹಂಬಲ ಅಂತ ಓದಿ ಖುಷಿಯಿಂದ ಒಪ್ಪಿಬಿಡುತ್ತಾರೆ. ಆತ್ಮಗೌರವ ಜಾಸ್ತಿ ಇದ್ದವನೇ ಒಪ್ಪಿದರೆ ಲೆಕ್ಕ ಎಲ್ಲಿಗೆ ಬಂತು?

ಈಗ ನೀನು ತೆಗೆದ ನಾಲ್ಕರ ಬಗ್ಗೆ. ನಾಲ್ಕೂ ಉಲ್ಟಾ ಹೇಳಿಕೆಗಳೇ ಅಲ್ವಾ? ಹೌದಾದರೆ ಉಳಿದ ಆರರಲ್ಲಿ ಐದು ಒಂದೇ ದಿಕ್ಕಿನವು. ಏನು ಕೇಳಿದರೂ "ಹೌದು ಹೌದು" ಅನ್ನುವ ಅಭ್ಯಾಸ ಎಷ್ಟೋ ಜನರಿಗೆ ಇರುತ್ತೆ, ಅದನ್ನು ತಡೆಯಲಿಕ್ಕೆಂದೇ ಅರ್ಧ ಹೇಳಿಕೆ ಉಲ್ಟಾ ಇಟ್ಟಿರುತ್ತಾರೆ. ಆ ಕಾವಲು ತೆಗೆದುಬಿಟ್ಟ ಮೇಲೆ 0.74 ಬಂತು. ಉಳಿದವು ಒಂದಕ್ಕೊಂದು ಹೊಂದುತ್ತಿರುವುದು ಆತ್ಮಗೌರವದಿಂದಲೋ "ಹೌದು" ಅನ್ನುವ ಅಭ್ಯಾಸದಿಂದಲೋ, ಆಲ್ಫಾ ಅದನ್ನು ಹೇಳುವುದೇ ಇಲ್ಲ.

ಕ್ರೋನ್‌ಬಾಕ್ 1951ರಲ್ಲಿ ಕೊಟ್ಟ ಆ ಸೂತ್ರದಲ್ಲಿ ಇರುವುದು ಎರಡೇ ಸಂಗತಿ ಅಂತ ಇಟ್ಟುಕೋ: ಐಟಂಗಳು ಸರಾಸರಿ ಎಷ್ಟು ಹೊಂದುತ್ತವೆ, ಐಟಂ ಎಷ್ಟಿವೆ. ಸರಾಸರಿ ಹೊಂದಾಣಿಕೆ 0.3, ಐಟಂ 10 ಇದ್ದರೆ ಆಲ್ಫಾ 0.81. ಹೊಂದಾಣಿಕೆ ಬರೀ 0.1, ಅಂದರೆ ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ ಅನ್ನುವಷ್ಟು, ಆದರೆ ಐಟಂ 40 ಇದ್ದರೆ? ಆಗಲೂ 0.82. ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡು. ಉದ್ದದ ಪ್ರಶ್ನಾವಳಿ ಬರೆದವರಿಗೆಲ್ಲ 0.9 ಪುಕ್ಕಟೆ ಸಿಗುತ್ತೆ. ಆಮೇಲೆ ಪ್ರಾಜೆಕ್ಟ್‌ನಲ್ಲಿ "ಈ ಮಾಪನ ಸಿಂಧು ಎಂದು ಆಲ್ಫಾದಿಂದ ಸಾಬೀತಾಗಿದೆ" ಅಂತ ಬರೆಯುತ್ತಾರೆ, ಓದಿದರೆ ನನಗೆ ತಲೆ ಕೆಡುತ್ತೆ. ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯಾ ಅನ್ನುವ ಪ್ರಶ್ನೆಯನ್ನು ಅದೇ ಕ್ರೋನ್‌ಬಾಕ್, ಮೀಲ್ ಜೊತೆ ಸೇರಿ, 1955ರಲ್ಲಿ ಬೇರೆ ಲೇಖನದಲ್ಲಿ ಎತ್ತಿಕೊಂಡ. ಎರಡೂ ಒಂದೇ ಆಗಿದ್ದರೆ ಇನ್ನೊಂದು ಯಾಕೆ ಬರೆಯುತ್ತಿದ್ದ?

ವಿದ್ಯಾನಗರ_ನಂಬರ್

ಮಾಸ್ತರು ಆಲ್ಫಾ ಮುಗಿಸಿದ್ದಾರೆ, ನಾನು ಪಿ ವ್ಯಾಲ್ಯೂ ತೆಗೆದುಕೊಳ್ಳುತ್ತೇನೆ. ನಾನು ಸೈಕಾಲಜಿಯವನಲ್ಲ, ಹುಬ್ಬಳ್ಳಿಯಲ್ಲಿ ಕಂಪನಿಯೊಂದರಲ್ಲಿ ಡೇಟಾ ಕೆಲಸ.

ಅಂಗಡಿಯವರ ಮಾತು ಕೇಳಬೇಡಿ ಮೇಡಂ. "ಬಂದೇ ಬರುತ್ತೆ" ಅಂದರಲ್ಲ, ಗೋಳು ಅಲ್ಲೇ ಇದೆ. ಇಪ್ಪತ್ತು ಸೇರಿಸಿ 0.05 ಒಳಗೆ ಬಂದರೆ ನಿಲ್ಲಿಸುತ್ತೀರಿ, ಬರದಿದ್ದರೆ ಮತ್ತೆ ಹತ್ತು ಸೇರಿಸುತ್ತೀರಿ. ಪ್ರತಿ ಸಲ ಇಣುಕಿದಾಗಲೂ ಸುಮ್ನೆ ಅದೃಷ್ಟದಿಂದ ಗೆಲ್ಲುವ ಅವಕಾಶ ಇನ್ನೊಂದು ಸಿಗುತ್ತೆ. 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಅನ್ನುವ ಮೂವರು ಇದನ್ನು ಕಂಪ್ಯೂಟರ್‌ನಲ್ಲಿ ಆಡಿಸಿ ತೋರಿಸಿದರು. ನಿಜವಾಗಿ ಏನೂ ವ್ಯತ್ಯಾಸ ಇಲ್ಲದ ಡೇಟಾದಲ್ಲಿ ಗುಂಪಿಗೆ 20 ಜನ, ಸಿಗದಿದ್ದರೆ ಇನ್ನು 10 ಸೇರಿಸು ಅಂತ ಮಾಡಿದರೆ, 100ಕ್ಕೆ 5 ಇರಬೇಕಾದ ಸುಳ್ಳು ಫಲಿತಾಂಶ 7.7 ಆಗುತ್ತೆ. ಅಷ್ಟೇ ಅಲ್ವಾ ಅನ್ನಬೇಡಿ. ಅದರ ಜೊತೆ ಎರಡು ಮಾಪನದಲ್ಲಿ ಯಾವುದು ಚೆನ್ನಾಗಿ ಬಂತೋ ಅದನ್ನು ಹಾಕು, ಗಂಡು ಹೆಣ್ಣು ಬೇರೆ ಮಾಡಿ ನೋಡು, ಒಂದು ಗುಂಪು ಬಿಟ್ಟು ನೋಡು, ಇಂಥ ನಾಲ್ಕು ಸ್ವಾತಂತ್ರ್ಯ ಒಟ್ಟಿಗೆ ತೆಗೆದುಕೊಂಡರೆ 60.7. ನೂರಕ್ಕೆ ಅರವತ್ತು ಸುಳ್ಳು, ಅದೂ ಯಾರೂ ಮೋಸ ಮಾಡದೇ!

ಅದರ ಫಲ ಏನಾಯ್ತು ಅನ್ನುವುದೂ ಗೊತ್ತಿರಲಿ. 2015ರಲ್ಲಿ ದೊಡ್ಡ ತಂಡವೊಂದು ಮನೋವಿಜ್ಞಾನದ ಹೆಸರಾಂತ ಪತ್ರಿಕೆಗಳ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ ಶೇ 97ರಷ್ಟು 0.05 ಒಳಗೆ ಇದ್ದವು. ಮರುಪ್ರಯೋಗದಲ್ಲಿ ಶೇ 36.

ಮೊದಲೇ ಬರೆದಿಟ್ಟುಕೊಂಡು ಎರಡು ಹಂತದಲ್ಲಿ ಡೇಟಾ ತೆಗೆಯುವುದಕ್ಕೆ ಅಡ್ಡಿ ಇಲ್ಲ. ನಡುವೆ ಇಣುಕುವುದಕ್ಕೆಂದೇ ಇರುವ ಪೊಕಾಕ್ ವಿಧಾನದಲ್ಲಿ ಎರಡು ಸಲ ನೋಡುವುದಾದರೆ ಪ್ರತಿ ಸಲದ ಗಡಿ 0.05 ಅಲ್ಲ, 0.0294. ನೀವು ಈಗಾಗಲೇ ನೋಡಿಬಿಟ್ಟಿದ್ದೀರಿ, ಆ ದಾರಿ ಮುಚ್ಚಿತು.

ಹಾಗಾದರೆ ಏನು ಬರೆಯಬೇಕು? 0.06 ಅಂತಲೇ ಬರೆಯಿರಿ, ಜೊತೆಗೆ ವ್ಯತ್ಯಾಸದ ಗಾತ್ರ ಕೊಡಿ. ನಿಮ್ಮ ಟಿ 1.9, ಗುಂಪು 48 ಮತ್ತು 62, ಲೆಕ್ಕ ಹಾಕಿದರೆ ಕೋಹೆನ್ ಡಿ (ಎರಡು ಗುಂಪಿನ ಸರಾಸರಿಗಳ ಅಂತರದ ಗಾತ್ರ) ಸುಮಾರು 0.37. ಅದರ ಶೇ 95ರ ವ್ಯಾಪ್ತಿ ಹೆಚ್ಚುಕಡಿಮೆ ಸೊನ್ನೆಯಿಂದ 0.74ರವರೆಗೆ. ಅಂದರೆ ವ್ಯತ್ಯಾಸವೇ ಇಲ್ಲದಿರಬಹುದು, ಸಾಕಷ್ಟು ದೊಡ್ಡದೂ ಇರಬಹುದು, ಈ ಡೇಟಾಗೆ ಅದಕ್ಕಿಂತ ಸ್ಪಷ್ಟ ಹೇಳುವ ತಾಕತ್ತಿಲ್ಲ. ಡಿ 0.5 ಇದ್ದರೆ ಅದನ್ನು ನೂರರಲ್ಲಿ ಎಂಬತ್ತು ಸಲ ಹಿಡಿಯಲಿಕ್ಕೇ ಗುಂಪಿಗೆ 64 ಜನ ಬೇಕು. 0.2 ಇದ್ದರೆ ಗುಂಪಿಗೆ ಹತ್ತಿರ ಹತ್ತಿರ 400.

ಆಮೇಲೆ ಈ ಗುಂಪು ಯಾಕೆ ಮಾಡಿದಿರಿ? ಎಷ್ಟು ಸಲ ಬರೆದರು ಅನ್ನುವ ಸಂಖ್ಯೆ ಕೈಯಲ್ಲೇ ಇದೆ. ಮೂರು ಸಲ ಬರೆದವನನ್ನೂ ಒಂಬತ್ತು ಸಲ ಬರೆದವನನ್ನೂ ಒಂದೇ ಮಾಡಿ, ಎರಡು ಮತ್ತು ಮೂರರ ನಡುವೆ ಗೋಡೆ ಕಟ್ಟಿದ್ದೀರಿ. ಸಂಖ್ಯೆಯನ್ನು ಸಂಖ್ಯೆಯಾಗೇ ಬಿಟ್ಟು ರಿಗ್ರೆಶನ್ (ಒಂದು ಏರಿದಂತೆ ಇನ್ನೊಂದು ಎಷ್ಟು ಬದಲಾಗುತ್ತೆ ಅನ್ನುವ ಲೆಕ್ಕ) ಮಾಡಿ, ವಯಸ್ಸನ್ನೂ ಒಳಗೆ ಹಾಕಿ. ಜಾಸ್ತಿ ಸಲ ಬರೆದವರ ವಯಸ್ಸೂ ಜಾಸ್ತಿ, ಮನೆಯಲ್ಲಿ ಮದುವೆ ಮಾತು, ವಯೋಮಿತಿ ಮುಗಿಯುವ ಭಯ ಎಲ್ಲಾ ಜೊತೆಗೇ ಬರುತ್ತೆ. ಈ ವಿಶ್ಲೇಷಣೆಯನ್ನು ನೀವು ಆಮೇಲೆ ಯೋಚಿಸಿ ಮಾಡಿದ್ದು ಅಂತ ಒಂದು ಸಾಲು ಹಾಕಿಬಿಡಿ, ಮುಗೀತು.

ಹಾವೇರಿ_ಸರ್ವೆ

ನಮಸ್ಕಾರ್ರೀ. ನಾನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಮನೆಮನೆಗೆ ಹೋಗಿ ಆರೋಗ್ಯದ ಪ್ರಶ್ನಾವಳಿ ತುಂಬಿಸುವ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರೂ 0.58ರ ಹಿಂದೆ ಬಿದ್ದಿದ್ದಾರೆ. ನನ್ನ ಪ್ರಕಾರ ಅನುಮಾನ ಪಡಬೇಕಾದದ್ದು ನೀವು "ಆರಾಮ" ಅಂದಿರಲ್ಲ ಆ 0.81ರ ಮೇಲೆ.

ಪಿಎಚ್‌ಕ್ಯೂನಲ್ಲಿ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0 ಯಿಂದ 3, ಒಟ್ಟು 27. ಅದರಲ್ಲಿ ನಿದ್ದೆ, ಸುಸ್ತು, ಊಟ, ಗಮನ ಕೊಡಲಾಗದಿರುವುದು ಇವೇ ನಾಲ್ಕು. ಈಗ ಸಪ್ತಾಪುರದ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ. ರಾತ್ರಿ ಎರಡರ ತನಕ ಓದುತ್ತಾನೆ, ಬೆಳಿಗ್ಗೆ ಆರಕ್ಕೆ ಲೈಬ್ರರಿಯಲ್ಲಿ ಸೀಟು ಹಿಡಿಯಬೇಕು. ನಿದ್ದೆ ಪ್ರಶ್ನೆಗೆ 3. ಸುಸ್ತಿಗೆ 3. ಮೆಸ್ ಊಟ ಸೇರುವುದಿಲ್ಲ, ಹಸಿವಿಗೆ 2. ದಿನಕ್ಕೆ ಹನ್ನೆರಡು ತಾಸು ಓದಿದರೆ ಯಾರಿಗೆ ಗಮನ ನಿಲ್ಲುತ್ತೆ, ಅದಕ್ಕೂ 2. ಇಲ್ಲಿಗೇ 10 ಆಯ್ತು, ನಿಮ್ಮ ಟೇಬಲ್‌ನಲ್ಲಿ ಅವನಿಗೆ ಖಿನ್ನತೆ. ಮನಸ್ಸಿಗೆ ಬೇಸರ ಇದೆಯಾ ಅನ್ನುವ ಮುಖ್ಯ ಪ್ರಶ್ನೆಗಳಿಗೆ ಅವನು ಸೊನ್ನೆ ಹಾಕಿದ್ದರೂ! ಮತ್ತೆ ಈ ನಾಲ್ಕೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ, ಹಾಗಾಗಿ ಆಲ್ಫಾ ಚೆನ್ನಾಗೇ ಬರುತ್ತೆ. ನೀವು ಅಳೆದದ್ದು ಓದಿನ ವೇಳಾಪಟ್ಟಿ ಇರಬಹುದು.

ನಮ್ಮಲ್ಲೂ ಇದೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಜೋರಿದ್ದಾಗ ಹೋಗಿ ಸುಸ್ತಾಗುತ್ತಾ ಅಂತ ಕೇಳಿದರೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ನಮ್ಮ ಮುಖ ನೋಡಿ ನಗುತ್ತಾರೆ. ದಿನಾಲೂ ಅಂತ ಬರಕೊಳ್ರಿ ಅಂತಾರೆ.

ನಿಮಗೆ ಪರೀಕ್ಷಿಸಲಿಕ್ಕೆ ದಾರಿ ಇದೆ. ಪ್ರತಿ ಐಟಂ ಸರಾಸರಿ ಬೇರೆ ಬೇರೆ ತೆಗೆಯಿರಿ. ಮೈಗೆ ಸಂಬಂಧಿಸಿದ ನಾಲ್ಕು ಮೇಲೆ ಹೋಗಿ, ಬೇಸರ, ಆಸಕ್ತಿ ಕಳೆದುಕೊಳ್ಳುವುದು, ತನ್ನ ಬಗ್ಗೆ ಕೀಳಾಗಿ ಅನಿಸುವುದು ಕೆಳಗೆ ಉಳಿದಿದ್ದರೆ ನನ್ನ ಮಾತು ನಿಜ. ಎಷ್ಟು ತಾಸು ಮಲಗುತ್ತೀರಿ ಅಂತ ಬೇರೆ ಕೇಳಿದ್ದರೆ ಇನ್ನೂ ಒಳ್ಳೆಯದು.

ಖಿನ್ನತೆ "ಇದೆ" ಅಂತ ಬರೆಯಲೇಬೇಡಿ. 2001ರಲ್ಲಿ ಆ ಮಾಪನ ಮಾಡಿದವರ ಲೆಕ್ಕದಲ್ಲೇ 10ರ ಗಡಿ ಹಾಕಿದರೆ ನಿಜವಾಗಿ ಇದ್ದವರಲ್ಲಿ ಶೇ 88 ಸಿಗುತ್ತಾರೆ, ಇಲ್ಲದವರಲ್ಲಿ ಶೇ 88 ಸರಿಯಾಗಿ ಹೊರಗೆ ಉಳಿಯುತ್ತಾರೆ. ಕೇಳಲಿಕ್ಕೆ ಚೆನ್ನಾಗಿದೆ. 1000 ಜನರಲ್ಲಿ 100 ಜನರಿಗೆ ನಿಜವಾಗಿ ಇದೆ ಅಂತ ಇಟ್ಟುಕೊಳ್ಳಿ. 88 ಜನ ಸಿಕ್ಕರು. ಉಳಿದ 900ರಲ್ಲಿ ಶೇ 12, ಅಂದರೆ 108 ಜನ ಸುಮ್ಸುಮ್ನೆ ಸಿಕ್ಕಿಬಿದ್ದರು. ಪಟ್ಟಿಯಲ್ಲಿ ಇರುವ 196 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇಲ್ಲವೇ ಇಲ್ಲ. ಅದು ಮೊದಲ ಜರಡಿ ಅಷ್ಟೇ, ಗುರುತಿಸುವುದು ಡಾಕ್ಟರ್ ಮಾತಾಡಿಸಿದ ಮೇಲೆ.

ಒಂಬತ್ತನೇ ಪ್ರಶ್ನೆ, ಸತ್ತರೆ ಒಳ್ಳೆಯದು ಅನ್ನುವ ಯೋಚನೆ ಬರುತ್ತಾ ಅನ್ನುವುದು. ಅದಕ್ಕೆ ಯಾರಾದರೂ 1 ಹಾಕಿದ್ದರೂ ನೀವು ಏನು ಮಾಡಿದಿರಿ? ಫಾರ್ಮ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಬರುವ ಪ್ರಶ್ನೆ ಅಲ್ಲ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಇರುವ ಚೀಟಿ ಎಲ್ಲರಿಗೂ ಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ದೂರ ಹೋಗುವುದೂ ಬೇಡ.

ಗದಗ_ಎಫ್‌ಡಿಎ

ಅಕ್ಕಾ, ನಾನು ಫಾರ್ಮ್ ತುಂಬುವ ಕಡೆಯವನು 😀 ಗದಗದವನು, ಸಪ್ತಾಪುರದಲ್ಲಿ ರೂಮು. ನಿಮ್ಮದೇ ಫಾರ್ಮ್ ತುಂಬಿದ್ದೆನೋ ಏನೋ ಗೊತ್ತಿಲ್ಲ, ಇಂಥವು ಬರುತ್ತಾ ಇರುತ್ತವೆ. ಹೆಂಗೆ ತುಂಬುತ್ತೇವೆ ಅಂತ ಹೇಳಲಾ? ಕೋಚಿಂಗ್ ಕ್ಲಾಸ್ ಮುಗಿದ ಮೇಲೆ ಸರ್ ನಿಂತುಕೊಂಡು "ಎಲ್ಲರೂ ತುಂಬಿ ಕೊಟ್ಟು ಹೋಗ್ರಿ" ಅಂತಾರೆ. ಊಟದ ಹೊತ್ತು. ನೆಗೆಟಿವ್ ಮಾರ್ಕ್ ಇಲ್ಲವಲ್ಲ, ಒಂದೇ ಕಾಲಂ ಹಿಡಿದು ಕೆಳಗಿನ ತನಕ ಟಿಕ್. ಕೆಲವರು ಸರಿ ಉತ್ತರ ಯಾವುದು ಅಂತ ಪಕ್ಕದವನನ್ನು ಕೇಳುತ್ತಾರೆ, ನಿಜವಾಗ್ಲೂ. ಇನ್ನು ಕೆಲವರು ಇದನ್ನು ಸರ್ ನೋಡುತ್ತಾರೆ ಅಂತ ಎಲ್ಲಾ ಚೆನ್ನಾಗಿದೆ ಅಂತ ಹಾಕುತ್ತಾರೆ.

ಮತ್ತೆ ಆ "ನನ್ನಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ" ಅನ್ನೋದಕ್ಕೆ "ಒಪ್ಪುವುದಿಲ್ಲ" ಅಂತ ಹಾಕಿದರೆ ಇದೆ ಅಂತಾನಾ ಇಲ್ಲ ಅಂತಾನಾ? ಮೂರು ಸಲ ಓದಬೇಕು, ಯಾರು ಓದುತ್ತಾರೆ. ನಾನು ಸೋತವನು ಅನ್ನುವ ಥರದ್ದೂ ಒಂದಿದೆಯಲ್ವಾ? ಹೋದ ತಿಂಗಳು ಪ್ರಿಲಿಮ್ಸ್ ಹೋದವನು ಅದಕ್ಕೆ ಹೌದು ಅಂತಾನೆ, ಹೋಗಿದ್ದು ನಿಜ ತಾನೇ. ಅವನಿಗೆ ಅದು ರಿಸಲ್ಟ್ ಕೇಳಿದಂಗೆ.

ಎಷ್ಟು ಸಲ ಬರೆದಿದ್ದೀರಿ ಅಂತ ಕೇಳಿದ್ದೀರಿ, ಯಾವುದನ್ನು ಎಣಿಸೋದು? ನಾವು ನೋಟಿಫಿಕೇಶನ್ ಬಂದದ್ದೆಲ್ಲಾ ಬರೆಯುತ್ತೇವೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಬರೆದದ್ದು ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೀತು. ಅದು ಒಂದಾ ಎರಡಾ? ನನ್ನ ರೂಮ್‌ಮೇಟ್ ಎರಡು ಅಂತಾನೆ, ನಾನು ಒಂದು ಅಂತೀನಿ. ನಿಮ್ಮ ಎರಡು ಮತ್ತು ಮೂರರ ನಡುವಿನ ಗೋಡೆ ಇಲ್ಲೇ ಬಿತ್ತು.

ಹಾವೇರಿ_ಸರ್ವೆ

ಗದಗದ ತಮ್ಮ ಹೇಳಿದ್ದು ಲಕ್ಷ ರೂಪಾಯಿ ಮಾತು. ಅದಕ್ಕೆ ಇನ್ನೊಂದು ಸೇರಿಸಿ: ರೂಮಿನಲ್ಲಿ ಉಳಿದವರನ್ನು ಮಾತ್ರ ನೀವು ಕೇಳಿದ್ದೀರಿ. ಪಾಸಾದವರು ಪೋಸ್ಟಿಂಗ್ ಮೇಲೆ ಹೋದರು. ಮನಸ್ಸು ಪೂರಾ ಸೋತವರು ಊರಿಗೆ ಹೋಗಿ ಹೊಲ ನೋಡುತ್ತಿದ್ದಾರೆ ಅಥವಾ ಅಂಗಡಿ ಹಾಕಿದ್ದಾರೆ. ಆರು ಏಳು ಸಲ ಬರೆದೂ ಇನ್ನೂ ಅಲ್ಲೇ ಕೂತಿದ್ದಾನೆ ಅಂದರೆ ಅವನು ಗಟ್ಟಿ ಜೀವ. ಹಾಗಾಗಿ ಜಾಸ್ತಿ ಸಲ ಬರೆದವರಲ್ಲಿ ಖಿನ್ನತೆ ಅಷ್ಟೇನೂ ಜಾಸ್ತಿ ಕಾಣದಿದ್ದರೆ ಸೋಲಿನಿಂದ ಏನೂ ಆಗಲ್ಲ ಅಂತ ತೀರ್ಮಾನ ಮಾಡಬೇಡಿ.

ಮಾಳಮಡ್ಡಿ_ಮಾಸ್ತರ

ಒಂದು ತಕರಾರು ಇದೆ. ಹಾವೇರಿಯವರು ಹೇಳಿದ ನಾಲ್ಕು ಐಟಂಗಳ ಮಾತು ಅರ್ಧ ಸರಿ. ನಿದ್ದೆ, ಹಸಿವು ಕೆಡುವುದು ಖಿನ್ನತೆಯ ಲಕ್ಷಣವೇ. ನಮ್ಮ ಕಡೆ ಎಷ್ಟೋ ಜನ ಮನಸ್ಸಿನ ಸಂಕಟವನ್ನು ಮೈಯ ಮೂಲಕವೇ ಹೇಳುವುದು, ತಲೆ ಭಾರ, ಕೈಕಾಲು ಸೋತವು ಅಂತ. ಆ ನಾಲ್ಕನ್ನು ಕಿತ್ತು ಹಾಕಿದರೆ ಅವರೇ ತಪ್ಪಿಹೋಗುತ್ತಾರೆ. ಬೆಳಿಗ್ಗೆ ಅಲಾರಂ ಇಟ್ಟುಕೊಂಡು ನಿದ್ದೆ ಬಿಟ್ಟವನೂ, ಹಾಸಿಗೆಯಲ್ಲಿ ಹೊರಳಾಡಿ ನಿದ್ದೆ ಬರದವನೂ ಒಂದೇ 3 ಹಾಕುತ್ತಾರೆ. ಆ ಎರಡನ್ನು ಬೇರೆ ಮಾಡಲಿಕ್ಕೆ ಎಸ್‌ಪಿಎಸ್‌ಎಸ್‌ನಲ್ಲಿ ಬಟನ್ ಇಲ್ಲ, ಕೇಳಬೇಕು.

ಹಾವೇರಿ_ಸರ್ವೆ

ಒಪ್ಪಿದೆ ಸರ್. ತೆಗೆಯಿರಿ ಅಂತ ನಾನೂ ಹೇಳಲಿಲ್ಲ, ಬೇರೆ ಬೇರೆ ನೋಡಿ ಅಂದೆ.

ಓದ್ತಾ_ಇದೀನಿ

ಎಲ್ಲರಿಗೂ ಧನ್ಯವಾದ, ತಲೆ ಗಿರ್ ಅಂತಿದೆ. ಮಾಸ್ತರೇ, ನೀವು ಹೇಳಿದ ಕಾಲಂ ನೋಡಿದೆ. ಕೋಡಿಂಗ್ ಎಲ್ಲಾ ಸರಿ ಇದೆ, ಮತ್ತೊಮ್ಮೆ ಫಾರ್ಮ್ ಜೊತೆ ಇಟ್ಟು ನೋಡಿದೆ. ಇನ್ನಷ್ಟು ಗೌರವ ಅನ್ನೋ ಆ ಒಂದೇ ಐಟಂಗೆ ಮೈನಸ್. ತೆಗೆದ ನಾಲ್ಕೂ ಉಲ್ಟಾ ಹೇಳಿಕೆಗಳೇ, ನಿಮಗೆ ಹೆಂಗೆ ಗೊತ್ತಾಯ್ತು ಅಂತ ಆಶ್ಚರ್ಯ. ಪಿಎಚ್‌ಕ್ಯೂನಲ್ಲಿ ನಿದ್ದೆ ಮತ್ತು ಸುಸ್ತಿನ ಸರಾಸರಿ ಉಳಿದವಕ್ಕಿಂತ ಎಷ್ಟೋ ಮೇಲಿದೆ. ಒಂಬತ್ತನೇ ಪ್ರಶ್ನೆಗೆ ಸೊನ್ನೆ ಅಲ್ಲದೆ ಬೇರೆ ಹಾಕಿದವರು ಇದ್ದಾರೆ, ಫಾರ್ಮ್‌ನಲ್ಲಿ ಹೆಸರಿಲ್ಲ. ನಂಬರ್ ಇರುವ ಚೀಟಿ ಇವತ್ತೇ ಪ್ರಿಂಟ್ ಹಾಕಿಸಿ ಎಲ್ಲಾ ಲೈಬ್ರರಿ ಮತ್ತು ಕ್ಲಾಸಿಗೆ ಕೊಡುತ್ತೇನೆ.

ಈಗ ಎರಡು ತಿಂಗಳಲ್ಲಿ ಪ್ರಾಜೆಕ್ಟ್ ಕೊಡಬೇಕು. ಮತ್ತೆ ಮೊದಲಿನಿಂದ ಡೇಟಾ ತೆಗೆಯಲಿಕ್ಕೆ ಆಗುವುದಿಲ್ಲ. ಗೈಡ್‌ಗೆ ಏನು ಹೇಳಲಿ? ವೈವಾದಲ್ಲಿ 0.7 ಯಾಕಿಲ್ಲ ಅಂದರೆ?

ವಿದ್ಯಾನಗರ_ನಂಬರ್

ಡೇಟಾ ವ್ಯರ್ಥ ಅಲ್ಲ ಮೇಡಂ. ಒಂದು ಲೆಕ್ಕ ಇಟ್ಟುಕೊಳ್ಳಿ, ವೈವಾದಲ್ಲಿ ಉಪಯೋಗಕ್ಕೆ ಬರುತ್ತೆ. ಮಾಪನ ಒರಟಾಗಿದ್ದಷ್ಟೂ ಸಂಬಂಧ ಚಿಕ್ಕದಾಗಿ ಕಾಣುತ್ತೆ, ಇದನ್ನು ಸ್ಪಿಯರ್‌ಮನ್ 1904ರಲ್ಲೇ ಹೇಳಿದ. ನಿಮ್ಮ 0.58 ಮತ್ತು 0.81 ಗುಣಿಸಿ ವರ್ಗಮೂಲ ತೆಗೆದರೆ 0.69ರ ಹತ್ತಿರ. ಆತ್ಮಗೌರವಕ್ಕೂ ಖಿನ್ನತೆಗೂ ನಿಜವಾದ ಸಂಬಂಧ ಮೈನಸ್ 0.5 ಇದ್ದರೂ ನಿಮಗೆ ಕಾಣುವುದು ಮೈನಸ್ 0.34. ಆದರೆ ಹುಷಾರು, ಇದು ತಪ್ಪುಗಳು ಅಡ್ಡಾದಿಡ್ಡಿ ಬಿದ್ದಾಗ ಮಾತ್ರ ನಿಜ. ಒಂದೇ ಕಾಲಂ ಟಿಕ್ ಮಾಡುವವರು ಎರಡೂ ಫಾರ್ಮ್‌ನಲ್ಲಿ ಹಾಗೇ ಮಾಡಿದ್ದರೆ ಅದು ಯಾವ ಕಡೆಗೆ ಬೇಕಾದರೂ ಎಳೆಯುತ್ತೆ. ಉಲ್ಟಾ ಹೇಳಿಕೆಗೂ ನೇರ ಹೇಳಿಕೆಗೂ ಒಂದೇ ಉತ್ತರ ಹಾಕಿದವರು ಎಷ್ಟು ಜನ ಅಂತ ಎಣಿಸಿ ಬರೆಯಿರಿ. ಜಾಸ್ಪ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಆಲ್ಫಾ ಥರದ್ದೇ ಇನ್ನೊಂದು ಅಳತೆ ಒಮೆಗಾನೂ ಸಿಗುತ್ತೆ, ಅಂಗಡಿಗೆ ದುಡ್ಡು ಕೊಡುವುದು ತಪ್ಪುತ್ತೆ.

ಮಾಳಮಡ್ಡಿ_ಮಾಸ್ತರ

ಗೈಡ್ ಜೊತೆ ಜಗಳ ಬೇಡ. ಹತ್ತೂ ಐಟಂನ 0.58 ಮುಖ್ಯ ಅಧ್ಯಾಯದಲ್ಲಿ, ತೆಗೆದ ಮೇಲಿನ 0.74 ಅನುಬಂಧದಲ್ಲಿ, ಎರಡರ ಫಲಿತಾಂಶವನ್ನೂ ಅಕ್ಕಪಕ್ಕ ಹಾಕು. "ಸರ್, ನೀವು ಹೇಳಿದ್ದನ್ನೂ ಮಾಡಿದ್ದೇನೆ" ಅನ್ನಲಿಕ್ಕೆ ಬರುತ್ತೆ.

ಎರಡು ತಿಂಗಳಲ್ಲಿ ಆಗುವ ಕೆಲಸ ಇನ್ನೊಂದಿದೆ. ಫಾರ್ಮ್ ತುಂಬದ ಐದಾರು ಜನರನ್ನು ಹಿಡಿ. ಸರ್ ಇಲ್ಲದ ಕಡೆ, ಎಲ್ಲಾದರೂ ಚಹಾ ಅಂಗಡಿಯಲ್ಲಿ ಕೂರಿಸಿಕೋ. ಒಂದೊಂದೇ ಹೇಳಿಕೆ ತೋರಿಸಿ, ಇದು ಏನು ಕೇಳುತ್ತಿದೆ ನಿನ್ನ ಮಾತಲ್ಲಿ ಹೇಳು, ಯಾಕೆ ಈ ಉತ್ತರ ಹಾಕಿದೆ ಹೇಳು ಅಂತ ಕೇಳು. ಅವರು ಹೇಳಿದ್ದನ್ನು ಇದ್ದಂಗೇ ಬರೆದುಕೋ, ನಿನ್ನ ವಿವರಣೆ ಸೇರಿಸಬೇಡ. ಇದನ್ನು ಯಾರೂ ಗಾಳಿ ಮಾತು ಅನ್ನುವ ಹಾಗಿಲ್ಲ. ಅಮೆರಿಕದ ಮೂರು ವೃತ್ತಿಸಂಸ್ಥೆಗಳು ಸೇರಿ 2014ರಲ್ಲಿ ಹೊರತಂದ ಪರೀಕ್ಷಾ ಮಾನದಂಡಗಳಲ್ಲಿ ಸಿಂಧುತ್ವಕ್ಕೆ ಐದು ಬಗೆಯ ಪುರಾವೆ ಹೇಳಿದ್ದಾರೆ. ಉತ್ತರಿಸುವವನ ತಲೆಯಲ್ಲಿ ಏನು ನಡೆಯುತ್ತೆ ಅನ್ನುವುದು ಅದರಲ್ಲಿ ಒಂದು. ಐಟಂಗಳು ತಮ್ಮತಮ್ಮಲ್ಲಿ ಹೇಗೆ ಹೊಂದುತ್ತವೆ ಅನ್ನುವುದು ಇನ್ನೊಂದು, ನಿಮ್ಮ ಆಲ್ಫಾ ಎಲ್ಲಾ ಆ ಒಂದೇ ಕೋಣೆಯಲ್ಲಿ ಕೂರುವಂಥದ್ದು. ನಿನ್ನ ಪ್ರಾಜೆಕ್ಟ್‌ನಲ್ಲಿ ಓದಲಿಕ್ಕೆ ಯೋಗ್ಯವಾದ ಅಧ್ಯಾಯ ಇದೇ ಆಗುತ್ತೆ ನೋಡು, ಪಿ 0.06 ಅಲ್ಲ.

0.7 ಬಗ್ಗೆ ಕೇಳಿದರೆ: ಎಲ್ಲರೂ ನನ್ನಲಿ (Nunnally) ಅನ್ನುವ ಮನೋವಿಜ್ಞಾನಿಯ ಹೆಸರು ಹೇಳುತ್ತಾರೆ, 1978ರ ಪುಸ್ತಕ. ಅವನು 0.7 ಅಂದದ್ದು ಸಂಶೋಧನೆ ಶುರುವಾಗುವ ಹಂತಕ್ಕೆ. ಮುಂದಿನ ಸಂಶೋಧನೆಗೆ 0.8. ಒಬ್ಬ ವ್ಯಕ್ತಿಯ ಬಗ್ಗೆ ನಿರ್ಧಾರ ಮಾಡುವಾಗ 0.9 ಕನಿಷ್ಠ, 0.95 ಇದ್ದರೆ ಒಳ್ಳೆಯದು ಅಂತ. ಆ ಲೆಕ್ಕದಲ್ಲಿ ನಿನ್ನ "ಖಿನ್ನತೆ ಇದೆ" ಟೇಬಲ್ 0.81 ಇಟ್ಟುಕೊಂಡು ಒಬ್ಬೊಬ್ಬರ ಮೇಲೆ ತೀರ್ಪು ಕೊಡುತ್ತಿದೆ. ಅದನ್ನು ಮೊದಲು ತೆಗೆ.

ಗದಗ_ಎಫ್‌ಡಿಎ

ಚಹಾ ಅಂಗಡಿ ಅಂದ್ರಲ್ಲ, ನಾನು ರೆಡಿ ಅಕ್ಕಾ. ರೂಮ್‌ಮೇಟ್‌ನೂ ಕರೆದುಕೊಂಡು ಬರುತ್ತೇನೆ. ಭಾನುವಾರ ಟೆಸ್ಟ್ ಸಿರೀಸ್ ಇದೆ, ಅದು ಬಿಟ್ಟು ಯಾವತ್ತಾದರೂ ಸಂಜೆ. ಬಿಲ್ ಮಾತ್ರ ಪ್ರಾಜೆಕ್ಟ್ ಖರ್ಚಿಗೆ ಹಾಕಿ.